ತಂತಿ ಕಡಿದ ಮೇಲೆ ವಿಮಾನ ಎಲ್ಲಿಗೆ? ಮಾದರಿ ವಿಮಾನ ಕಾಳಗದ ನಿಯಮಗಳ ಹಿನ್ನೆಲೆ

ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟವಾದ ಎಫ್‌ಎಐ ‘ಎಫ್‌2ಡಿ’ ಎಂದು ಗುರುತಿಸುವ ಕಾಂಬ್ಯಾಟ್ ವಿಭಾಗದಲ್ಲಿ ಇಬ್ಬರು ಸ್ಪರ್ಧಿಗಳು ಒಂದೇ ವೃತ್ತದ ನಡುವೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು ತಮ್ಮ ಮಾದರಿ ವಿಮಾನಗಳನ್ನು ಹಾರಿಸುತ್ತಾರೆ. ಇಲ್ಲಿ ರೇಡಿಯೊ ಇಲ್ಲ. ಕೈಯ ಹಿಡಿಕೆಯಿಂದ ವಿಮಾನದವರೆಗೆ ಎರಡು ತೆಳುವಾದ ಉಕ್ಕಿನ ತಂತಿಗಳಿರುತ್ತವೆ. ಮಣಿಕಟ್ಟನ್ನು ಮೇಲೆ ಕೆಳಗೆ ಬಾಗಿಸಿದಂತೆ ಒಂದು ತಂತಿ ಎಳೆಯಲ್ಪಟ್ಟು ಇನ್ನೊಂದು ಸಡಿಲವಾಗಿ, ವಿಮಾನದೊಳಗಿನ ಬೆಲ್‌ಕ್ರ್ಯಾಂಕ್ ಎಂಬ ಸನ್ನೆ ತಿರುಗಿ, ವಿಮಾನವನ್ನು ಮೇಲೆ ಕೆಳಗೆ ತಿರುಗಿಸುವ ಬಾಲದ ಪಟ್ಟಿ, ಅಂದರೆ ಎಲಿವೇಟರ್, ಚಲಿಸುತ್ತದೆ. ತಂತಿಯ ಉದ್ದ 15.92 ಮೀಟರ್. ಈ ಅಳತೆಗೆ ಕಾರಣವಿದೆ: ಅಷ್ಟು ತ್ರಿಜ್ಯದ ವೃತ್ತದ ಸುತ್ತಳತೆ 100 ಮೀಟರ್ ಆಗುವುದರಿಂದ ಹತ್ತು ಸುತ್ತಿಗೆ ಒಂದು ಕಿಲೋಮೀಟರ್ ಲೆಕ್ಕ ಸಿಗುತ್ತದೆ.

ಪ್ರತಿ ವಿಮಾನದ ಹಿಂದೆ ದಾರವೊಂದಕ್ಕೆ ಕಟ್ಟಿದ ಕ್ರೇಪ್ ಕಾಗದದ ಪಟ್ಟಿ, ಅಂದರೆ ಸ್ಟ್ರೀಮರ್, ಹಾರಾಡುತ್ತಿರುತ್ತದೆ. ಎದುರಾಳಿಯ ಸ್ಟ್ರೀಮರನ್ನು ತನ್ನ ಪ್ರೊಪೆಲ್ಲರಿನಿಂದ ಕತ್ತರಿಸಿದ ಪ್ರತಿ ಸಲಕ್ಕೆ 100 ಅಂಕ. ಗಾಳಿಯಲ್ಲಿದ್ದ ಪ್ರತಿ ಸೆಕೆಂಡಿಗೆ 1 ಅಂಕ. ಪಂದ್ಯದ ಅವಧಿ 4 ನಿಮಿಷ. ಕಾಗದವಿಲ್ಲದೆ ಬರೀ ದಾರ ತುಂಡಾದರೆ ಅಂಕವಿಲ್ಲ. ಮಾಂಜಾ ಹಾಕಿದ ಗಾಳಿಪಟದ ಪಂದ್ಯದಲ್ಲಿ ಎದುರಾಳಿಯ ದಾರ ಕಡಿಯುವುದೇ ಗೆಲುವು; ಕಾಂಬ್ಯಾಟ್‌ನಲ್ಲಿ ತಂತಿ ಕಡಿಯುವುದು ಯಾರಿಗೂ ಬೇಡವಾದ ಅಪಾಯ. ಈ ಅಪಾಯವನ್ನು ಹೇಗೆ ಹಿಡಿತದಲ್ಲಿಡುವುದು ಎಂಬ ಪ್ರಶ್ನೆಯೇ ಈ ಕ್ರೀಡೆಯ ನಿಯಮಪುಸ್ತಕವನ್ನು ಇಂದಿನ ರೂಪಕ್ಕೆ ತಂದಿದೆ ಎಂಬುದು ನನ್ನ ಅಭಿಪ್ರಾಯ.

ತಂತಿಯ ಮೂಲ ಉದ್ದೇಶವೇ ಸುರಕ್ಷತೆಯಾಗಿತ್ತು. 1930ರ ದಶಕದಲ್ಲಿ ಸಣ್ಣ ಪೆಟ್ರೋಲ್ ಎಂಜಿನ್‌ಗಳು ಹವ್ಯಾಸಿಗಳ ಕೈಗೆ ಬಂದಾಗ, ಹಾರಿಬಿಟ್ಟ ಮಾದರಿ ಎಲ್ಲಿ ಹೋಗಿ ಬೀಳುತ್ತದೆ ಎಂಬುದರ ಮೇಲೆ ಹಾರಿಸಿದವರಿಗೆ ಹಿಡಿತವಿರಲಿಲ್ಲ. ಅಮೆರಿಕದ ಆರೆಗನ್ ರಾಜ್ಯದ ಜಿಮ್ ವಾಕರ್ 1940ರಲ್ಲಿ ‘ಫೈರ್‌ಬಾಲ್’ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದು, ತಂತಿಯಿಂದ ನಿಯಂತ್ರಿಸುವ ತಮ್ಮ ‘ಯು-ಕಂಟ್ರೋಲ್’ ವಿಧಾನಕ್ಕೆ ಪೇಟೆಂಟ್ ಪಡೆದರು. ಇತರ ತಯಾರಕರಿಂದ ಅವರು ರಾಯಧನ ಕೇಳುತ್ತಿದ್ದರು. 1955ರಲ್ಲಿ ಈ ವಿವಾದ ಕಾಕ್ಸ್ ಕಂಪನಿಯ ವಿರುದ್ಧದ ಮೊಕದ್ದಮೆಯಾಗಿ ನ್ಯಾಯಾಲಯಕ್ಕೆ ಬಂದಾಗ, ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ ಎಂಬವರು ಇಂಥದೇ ವ್ಯವಸ್ಥೆಯನ್ನು ವಾಕರ್‌ಗಿಂತ ಮೊದಲೇ ಬಳಸಿದ್ದರೆಂಬುದು ಸಾಬೀತಾಗಿ ಪೇಟೆಂಟ್ ಬಿದ್ದುಹೋಯಿತು. ಕಂಟ್ರೋಲ್ ಲೈನ್ ಎಂದು ಕರೆಯುವ ಈ ತಂತಿಯ ವಿಧಾನ ಅಲ್ಲಿಂದ ಮುಂದೆ ಯಾರ ಸೊತ್ತೂ ಆಗಿ ಉಳಿಯಲಿಲ್ಲ. ನಮ್ಮಲ್ಲಿಯೂ ಎನ್‌ಸಿಸಿ ವಾಯುವಿಭಾಗದ ಕೆಡೆಟ್‌ಗಳು ವಾಯು ಸೈನಿಕ ಶಿಬಿರಗಳಲ್ಲಿ ಇದೇ ತಂತಿಯ ವಿಮಾನಗಳನ್ನು ಹಾರಿಸುತ್ತಾರೆ, ಆದರೆ ಅಲ್ಲಿ ವೃತ್ತದಲ್ಲಿರುವುದು ಒಂದೇ ವಿಮಾನ.

ಒಂದೇ ವೃತ್ತದಲ್ಲಿ ಎರಡು ವಿಮಾನಗಳನ್ನು ಬಿಟ್ಟು, ಒಂದರ ಬಾಲವನ್ನು ಇನ್ನೊಂದು ಅಟ್ಟಿಸಿಕೊಂಡು ಹೋಗುವ ಆಟ ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಬೆಳೆಯಿತು. ಅಮೆರಿಕದ ಹಳೆಯ ನಿಯಮದಲ್ಲಿ ಎದುರಾಳಿಯ ಸ್ಟ್ರೀಮರನ್ನು ದಾರದ ಬಳಿಯೇ ಕತ್ತರಿಸಿದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಎಫ್‌ಎಐ ನಿಯಮ ಹಾಗಲ್ಲ. ತುಂಡುಗಳನ್ನು ಎಣಿಸುತ್ತ, ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಪಂದ್ಯವನ್ನು ಪೂರ್ಣಾವಧಿಗೆ ಒಯ್ಯುತ್ತದೆ. ವಿಮಾನ ನೆಲಕ್ಕೆ ಬಿದ್ದರೆ ಇಬ್ಬರು ಮೆಕ್ಯಾನಿಕ್‌ಗಳು ಓಡಿಹೋಗಿ ಎರಡನೆಯ ವಿಮಾನವನ್ನು ಸಜ್ಜುಗೊಳಿಸಬೇಕು. ಬಿದ್ದ ವಿಮಾನದ ಸ್ಟ್ರೀಮರಿನಲ್ಲಿ ಉಳಿದ ಭಾಗವನ್ನು ಹೊಸದಕ್ಕೆ ಕಟ್ಟಬೇಕು. ಹೀಗಾಗಿ ಇದು ಮೂವರ ತಂಡದ ಕೆಲಸ. ಇಷ್ಟೆಲ್ಲ ಓಡಾಟ ಎದುರಾಳಿಯ ವಿಮಾನ ಇನ್ನೂ ಹಾರುತ್ತಿರುವ ವೃತ್ತದ ಅಂಚಿನಲ್ಲೇ ನಡೆಯುವುದರಿಂದ ಹೆಲ್ಮೆಟ್ ಕಡ್ಡಾಯವಾಯಿತು.

1978ರಲ್ಲಿ ಇಂಗ್ಲೆಂಡಿನ ವುಡ್‌ವೇಲ್‌ನಲ್ಲಿ ನಡೆದ ಕೂಟದಲ್ಲಿ ಕಾಂಬ್ಯಾಟ್ ಮೊದಲ ಬಾರಿಗೆ ಕಂಟ್ರೋಲ್ ಲೈನ್ ವಿಶ್ವ ಚಾಂಪಿಯನ್‌ಷಿಪ್‌ನ ಭಾಗವಾಯಿತು. ಮುಂದಿನ ಕೂಟಗಳು ಅಮೆರಿಕದ ಮನ್ಸಿ, ಆಸ್ಟ್ರೇಲಿಯಾದ ಪರ್ತ್ ಮೊದಲಾದ ಕಡೆ ನಡೆದಿವೆ. ಸೋವಿಯತ್ ಒಕ್ಕೂಟದ ಪ್ರಭಾವ ಈ ಹಂತದಲ್ಲಿ ಬಹಳ ದೊಡ್ಡದು. ಅಲ್ಲಿ ದೊಸಾಫ್ ಎಂಬ ರಕ್ಷಣಾ ಸಹಾಯಕ ಸಂಸ್ಥೆಯ ಆಶ್ರಯದಲ್ಲಿ ಮಕ್ಕಳಿಗೂ ಯುವಕರಿಗೂ ಮಾದರಿ ವಿಮಾನದ ತರಬೇತಿ ಸಿಗುತ್ತಿತ್ತು. ಆ ಬುನಾದಿಯ ಮೇಲೆ ಬೆಳೆದವರು, ಒಕ್ಕೂಟ ಒಡೆದ ಮೇಲೆಯೂ, ಕಾಂಬ್ಯಾಟ್ ವಿಮಾನಗಳನ್ನೂ ಎಂಜಿನ್‌ಗಳನ್ನೂ ತಯಾರಿಸಿ ಜಗತ್ತಿನ ಸ್ಪರ್ಧಿಗಳಿಗೆ ಒದಗಿಸುತ್ತ ಬಂದರು. ಸ್ಪರ್ಧಿಯೇ ತನ್ನ ಮಾದರಿಯನ್ನು ಕಟ್ಟಿರಬೇಕೆಂಬ ಷರತ್ತು ಈ ವಿಭಾಗಕ್ಕೆ ಅನ್ವಯಿಸುವುದಿಲ್ಲ. ಇದರಿಂದ ಕರಕುಶಲತೆ ಹಿಂದೆ ಬಿತ್ತು ಎಂಬ ಆಕ್ಷೇಪವನ್ನು ಒಪ್ಪುವುದು ನನಗೆ ಕಷ್ಟ. ಒಂದೇ ಡಿಕ್ಕಿಯಲ್ಲಿ ಎರಡೂ ವಿಮಾನಗಳು ಚೂರಾಗಬಹುದಾದ ಆಟದಲ್ಲಿ, ಒಂದು ಕೂಟಕ್ಕೆ ಬೇಕಾದ ಅಷ್ಟೂ ಮಾದರಿಗಳನ್ನು ಸ್ವತಃ ಕಟ್ಟಬೇಕೆಂದರೆ ಬಿಡುವಿದ್ದವರು ಮಾತ್ರ ಸ್ಪರ್ಧಿಸಬಲ್ಲರು.

ಆದರೆ ಸಿದ್ಧ ವಿಮಾನಗಳು ಹಗುರವಾದಂತೆ, 2.5 ಸಿಸಿಗೆ ಸೀಮಿತವಾದ ಎಂಜಿನ್‌ಗಳು ಬಲವಾದಂತೆ, ವೇಗ ಏರಿತು. ಸುಮಾರು 450 ಗ್ರಾಂ ತೂಕದ ವಿಮಾನ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಸುತ್ತಿದರೆ ಒಂದು ಸುತ್ತಿಗೆ ಎರಡೂವರೆ ಸೆಕೆಂಡೂ ಹಿಡಿಯುವುದಿಲ್ಲ, ತಂತಿಗಳ ಮೇಲೆ ಬೀಳುವ ಎಳೆತ ಅದರ ತೂಕದ ಸುಮಾರು ಹನ್ನೊಂದು ಪಟ್ಟು, ಅಂದರೆ ಐದು ಕಿಲೋ ಭಾರಕ್ಕೆ ಸಮ. ಇಂಥ ಹೊತ್ತಿನಲ್ಲಿ ಎದುರಾಳಿಯ ಪ್ರೊಪೆಲ್ಲರ್ ತಂತಿಗೆ ತಗುಲಿದರೆ ವಿಮಾನ ವೃತ್ತದಿಂದ ಹೊರಕ್ಕೆ ನೇರವಾಗಿ ಚಿಮ್ಮುತ್ತದೆ. ಟ್ಯಾಂಕಿನ ಬದಲು ಉಬ್ಬಿದ ರಬ್ಬರ್ ಚೀಲದಿಂದ ಒತ್ತಡದಲ್ಲಿ ಇಂಧನ ಹರಿಯುವುದರಿಂದ ವಿಮಾನ ಯಾವ ಭಂಗಿಯಲ್ಲಿದ್ದರೂ ಎಂಜಿನ್ ನಿಲ್ಲುವುದಿಲ್ಲ. ಕಾಳಗದಲ್ಲಿ ಗುಣವಾದ ಇದೇ ಅಂಶ, ತಂತಿ ಕಡಿದಾಗ ದೋಷವಾಗುತ್ತದೆ.

ನಿಯಮಗಳು ಈ ಸಮಸ್ಯೆಯನ್ನು ಹಂತ ಹಂತವಾಗಿ ಸುತ್ತುವರಿದವು. ತಂತಿಯ ಕನಿಷ್ಠ ದಪ್ಪ ನಿಗದಿಯಾಯಿತು; ಹಾರಾಟಕ್ಕೆ ಮುನ್ನ ಎಳೆದು ನೋಡುವ ಪರೀಕ್ಷೆ ಬಂತು; ಹಿಡಿಕೆ ಜಾರದಂತೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಬೇಕಾಯಿತು. ಡಿಕ್ಕಿಯಲ್ಲಿ ಎಂಜಿನ್ ಕಳಚಿ ಹಾರಿಹೋಗದಂತೆ ಅದನ್ನು ಬೆಲ್‌ಕ್ರ್ಯಾಂಕಿಗೆ ಬೇರೆ ತಂತಿಯಿಂದ ಬಿಗಿಯುವುದು ಅಗತ್ಯವಾಯಿತು. ಎಂಜಿನ್ನಿನ ಬಲ ಮಿತಿಮೀರದಂತೆ ಅದು ಗಾಳಿ ಎಳೆದುಕೊಳ್ಳುವ ರಂಧ್ರದ ವ್ಯಾಸವನ್ನು 4 ಮಿಲಿಮೀಟರಿಗೆ ಮಿತಗೊಳಿಸಲಾಯಿತು, ಸೈಲೆನ್ಸರ್ ಕಡ್ಡಾಯವಾಯಿತು. ಇವೆಲ್ಲ ಅಪಾಯವನ್ನು ತಗ್ಗಿಸಿದವೇ ಹೊರತು, ಬಿಡುಗಡೆಗೊಂಡ ವಿಮಾನವನ್ನು ನಿಲ್ಲಿಸುವ ಉಪಾಯವನ್ನು ಕೊಡಲಿಲ್ಲ.

ಆ ಉಪಾಯ ಇಂಧನ ನಿಲುಗಡೆ ಸಾಧನವಾಗಿ, ‘ಷಟ್‌ಆಫ್’ ಎಂಬ ಹೆಸರಿನಲ್ಲಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ನೆಲೆಯೂರಿತು. ತಂತಿಗಳ ಎಳೆತ ಇರುವವರೆಗೆ ತಡೆಹಿಡಿದಿರುವ ಸ್ಪ್ರಿಂಗ್, ಎಳೆತ ತಪ್ಪಿದೊಡನೆ ಇಂಧನದ ಕೊಳವೆಯನ್ನು ಹಿಸುಕುತ್ತದೆ, ಎಂಜಿನ್ ನಿಲ್ಲುತ್ತದೆ. ಹಗುರವಾದ ವಿಮಾನ ಶಕ್ತಿಯಿಲ್ಲದೆ ಬಹುದೂರ ಹೋಗಲಾರದು. ಇದನ್ನು ಮೊದಲು ಹಲವರು ಹೊರೆಯೆಂದೇ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ತೀಕ್ಷ್ಣ ತಿರುವುಗಳಲ್ಲಿ ತಂತಿಗಳು ಕ್ಷಣಕಾಲ ಸಡಿಲವಾಗುವುದುಂಟು. ಎರಡು ಜೋಡಿ ತಂತಿಗಳು ಒಂದಕ್ಕೊಂದು ಹೆಣೆದುಕೊಂಡಾಗಲೂ ಎಳೆತ ಏರುಪೇರಾಗುತ್ತದೆ. ಸ್ಪ್ರಿಂಗ್ ತೀರ ಚುರುಕಾಗಿದ್ದರೆ ಗೆಲ್ಲುವ ಹಂತದಲ್ಲಿರುವ ವಿಮಾನ ಕಾರಣವಿಲ್ಲದೆ ನೆಲಕ್ಕಿಳಿಯುತ್ತದೆ. ತೀರ ಮಂದವಾಗಿದ್ದರೆ ನಿಜವಾಗಿ ತಂತಿ ಕಡಿದ ದಿನ ಅದು ಕೆಲಸ ಮಾಡುವುದಿಲ್ಲ. ಈ ಎರಡರ ನಡುವಿನ ಹದವನ್ನು ಕಂಡುಕೊಳ್ಳುವುದು ಇಂದು ಮೆಕ್ಯಾನಿಕ್‌ಗಳ ಮುಖ್ಯ ಕೆಲಸಗಳಲ್ಲಿ ಒಂದು, ಮತ್ತು ಅದನ್ನು ತಂಡಗಳು ಎಂಜಿನ್ನಿನ ಹೊಂದಾಣಿಕೆಯಷ್ಟೇ ಶ್ರದ್ಧೆಯಿಂದ, ಪ್ರತಿ ಪಂದ್ಯಕ್ಕೆ ಮುನ್ನ, ಮಾಡಬೇಕಾಗುತ್ತದೆ.