ಬಿದಿರು ಕಿತ್ತು ನೆಡುವಾಗ ಗಡ್ಡೆ ನೋಡಿ ಆರಿಸಿ

ಮೇ ತಿಂಗಳು ಬಂತೆಂದರೆ ನರ್ಸರಿಯಲ್ಲಿ ಒಂದೇ ಪ್ರಶ್ನೆ. 'ನೆಂಟರ ತೋಟದಲ್ಲಿ ಒಳ್ಳೇ ಬಿದಿರ ಮೆಳೆ ಇದೆ, ಅದರಲ್ಲೊಂದು ಕಿತ್ತು ನಮ್ಮ ಬದುವಿಗೆ ಹಾಕಿದರೆ ಬರುತ್ತಾ?' ಬರುತ್ತದೆ. ಆದರೆ ಜಾಸ್ತಿ ಜನ ಮೆಳೆಯಲ್ಲೇ ದಪ್ಪಗಿರುವ, ಬಲಿತ ಗಳವನ್ನು ಆರಿಸಿ ತರುತ್ತಾರೆ. ಅಲ್ಲೇ ಅರ್ಧ ಕೆಲಸ ಕೆಟ್ಟಿತು.

ಬಿದಿರು ಹುಲ್ಲಿನ ಜಾತಿ. ಹೊಸ ಕಳಲೆ ಏಳುವುದು ಮಣ್ಣೊಳಗಿನ ಗಡ್ಡೆಯ ಕಣ್ಣಿನಿಂದ. ಮೂರು ವರ್ಷ ದಾಟಿದ ಗಳದ ಗಡ್ಡೆಯಲ್ಲಿ ಆ ಕಣ್ಣುಗಳು ಬಹುಪಾಲು ಒಡೆದು ಮುಗಿದಿರುತ್ತವೆ, ಇಲ್ಲವೇ ಸತ್ತಿರುತ್ತವೆ. ನಮಗೆ ಬೇಕಾದ್ದು ಒಂದೆರಡು ವರ್ಷದ ಗಳ. ಗುರುತು ಸುಲಭ. ಗೆಣ್ಣಿನ ಹತ್ತಿರ ಬಿಳಿ ಪುಡಿ ಇರುತ್ತದೆ, ಬುಡದಲ್ಲಿ ಹಾಳೆ ಇನ್ನೂ ಅಂಟಿರುತ್ತದೆ. ಮೈಮೇಲೆ ಬೂದು ಮಚ್ಚೆ ಕಂಡರೆ ಅದಕ್ಕೆ ವಯಸ್ಸಾಗಿದೆ, ಬಿಟ್ಟುಬಿಡಿ. ಎಳೆಯವು ಸಾಮಾನ್ಯವಾಗಿ ಮೆಳೆಯ ಹೊರಸುತ್ತಿನಲ್ಲಿ ಇರುತ್ತವೆ. ಕೀಳುವುದಕ್ಕೂ ಅದೇ ಸಲೀಸು, ಅಲ್ವಾ?

ಇನ್ನೊಂದು ಮಾತು. ಹೂ ಬಿಟ್ಟ ಮೆಳೆಯಿಂದ ತರಲೇಬೇಡಿ. ಹೆಬ್ಬಿದಿರು ಹಲವು ದಶಕಕ್ಕೊಮ್ಮೆ ಹೂ ಬಿಟ್ಟು ಸಾಯುತ್ತದೆ. ಕಿತ್ತು ತಂದ ಗಡ್ಡೆಗೂ ತಾಯಿ ಮೆಳೆಯದೇ ವಯಸ್ಸು. ತಾಯಿ ಹೋದ ಹಾಗೇ ಅದೂ ಹೋಗುತ್ತದೆ.

ಭರಣಿ, ಕೃತ್ತಿಕೆ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೀಳಿ. ಕಳಲೆ ಏಳಲು ಶುರುವಾದ ಮೇಲೆ ಮೆಳೆಗೆ ಕೈ ಹಾಕಬೇಡಿ. ಹಾರೆ ಹಾಕಿ ಮೀಟಿ ಎಬ್ಬಿಸುವ ಅಭ್ಯಾಸ ನಮ್ಮಲ್ಲಿದೆ. ನನಗಂತೂ ಅದು ಆಗುವುದಿಲ್ಲ, ಗಡ್ಡೆ ಸೀಳಿಹೋಗುತ್ತದೆ. ಸುತ್ತ ಮಣ್ಣು ಬಿಡಿಸಿ, ತಾಯಿ ಗಡ್ಡೆಗೆ ಸೇರುವ ಸಣ್ಣ ಕುತ್ತಿಗೆ ಹುಡುಕಿ, ಅಲ್ಲಿ ಗರಗಸದಿಂದ ಕೊಯ್ಯಿರಿ. ಬೇರು, ಮಣ್ಣು ಎರಡೂ ಜೊತೆಗೇ ಬರಲಿ. ಒದ್ದೆ ಗೋಣಿಚೀಲ ಸುತ್ತಿ ಅದೇ ದಿನ ನೆಡಿ. ಬಿಸಿಲಲ್ಲಿ ಟೆಂಪೋ ಮೇಲೆ ಒಣಗಿದ ಬೇರು ಮತ್ತೆ ಚಿಗುರುವುದು ಕಷ್ಟ.

ಗಳವನ್ನು ಮೂರ್ನಾಲ್ಕು ಅಡಿಗೆ ಕತ್ತರಿಸಲು ಎಲ್ಲರಿಗೂ ಸಂಕಟ. ಕತ್ತರಿಸಲೇಬೇಕು. ಬೇರು ಕಡಿಮೆಯಾದ ಗಿಡ ಅಷ್ಟು ಎಲೆಗೆ ನೀರು ಎಲ್ಲಿಂದ ತರಬೇಕು? ಇನ್ನೊಂದು ಕಾರಣ ನಮ್ಮ ಸೀಮೆಯದೇ. ಮೈಸೂರು, ಮಂಡ್ಯದಲ್ಲಿ ಮೇ ಮಳೆ ಚೆನ್ನಾಗಿರುತ್ತದೆ. ಆಮೇಲೆ ಸೆಪ್ಟೆಂಬರ್‌ವರೆಗೆ ಜೋರು ಮಳೆ ಕಡಿಮೆ, ಗಾಳಿಯೇ ಜಾಸ್ತಿ. ಆಷಾಢದ ಗಾಳಿಗೆ ಉದ್ದ ಗಳ ಓಲಾಡಿದರೆ ಆಗಷ್ಟೇ ಬಿಟ್ಟ ಎಳೆ ಬೇರು ಕಿತ್ತುಹೋಗುತ್ತದೆ. ಗೆಣ್ಣಿನ ಸ್ವಲ್ಪ ಮೇಲೆಯೇ ಕತ್ತರಿಸಿ. ಇಲ್ಲದಿದ್ದರೆ ಟೊಳ್ಳಿನಲ್ಲಿ ನೀರು ನಿಂತು ಕೊಳೆಯುತ್ತದೆ. ಬಾಯಿಗೆ ಸಗಣಿ, ಮಣ್ಣು ಮೆತ್ತುವುದೂ ಒಳ್ಳೆಯದು.

ಗುಂಡಿ ಎರಡಡಿ ಉದ್ದ, ಅಗಲ, ಆಳ. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಸಾಕು. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಟ್ಟು, ಟೊಳ್ಳು ಉಳಿಯದಂತೆ ಮಣ್ಣು ತುಳಿಯಿರಿ. ನಾಗಮಂಗಲದ ಒಣಭೂಮಿಯಲ್ಲಿ ಪಾತಿ ಮಾಡಿ ದಪ್ಪಗೆ ತರಗು ಹಾಸಬೇಕು. ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆ ಪಕ್ಕದಲ್ಲಿ ಇದಕ್ಕೆ ಉಲ್ಟಾ. ಮಣ್ಣು ಏರಿಸಿದ ಬದುವಿನ ಮೇಲೆ ನೆಡಿ. ಬಿದಿರಿಗೆ ತೇವ ಬೇಕು, ನಿಂತ ನೀರು ಆಗುವುದಿಲ್ಲ.

ಸಿಟಿಯವರಿಗೆ ಒಂದು ಮಾತು. ಮೂವತ್ತು ನಲವತ್ತರ ಸೈಟಿನ ಕಾಂಪೌಂಡಿಗೆ ಅಂಟಿಸಿ ಮುಳ್ಳಿನ ಹೆಬ್ಬಿದಿರು ಹಾಕಬೇಡಿ. ಮತ್ತೆ, ಟೇಬಲ್ ಮೇಲಿನ 'ಲಕ್ಕಿ ಬ್ಯಾಂಬೂ' ಬಿದಿರೇ ಅಲ್ಲ, ಅದು ಡ್ರಸೀನಾ. ಅದರ ಲೆಕ್ಕ ಬೇರೆ. ಹಾಗೇ 2017ರ ಅರಣ್ಯ ಕಾಯ್ದೆ ತಿದ್ದುಪಡಿಯಿಂದ ಬಿದಿರು ಮರದ ಪಟ್ಟಿಯಿಂದ ಹೊರಬಂದರೂ ಆ ಸಡಿಲಿಕೆ ಕಾಡಿನಾಚೆ ಬೆಳೆದದ್ದಕ್ಕೆ ಮಾತ್ರ. ಕಾಡಿಗೆ ಹೋಗಿ ಅಗೆಯುವುದು ಇವತ್ತಿಗೂ ತಪ್ಪೇ.

ನೆಟ್ಟ ಮೇಲೆ ಎಲೆ ಉದುರುತ್ತದೆ. ಗಾಬರಿ ಬೇಡ, ಗಳ ಹಸಿರಾಗಿದ್ದರೆ ಕಾಯಿರಿ. ಎಲೆ ಸುರುಳಿ ಸುತ್ತಿಕೊಂಡರೆ ನೀರು ಕೇಳುತ್ತಿದೆ ಎಂದರ್ಥ. ಬೇರು ಹಿಡಿಯುವ ಮೊದಲೇ ಯೂರಿಯಾ ಸುರಿಯಬೇಡಿ.

ಮೊದಲ ಕಳಲೆ ಬೆರಳು ದಪ್ಪ ಬಂದಾಗ 'ಇದು ದಪ್ಪ ಆಗಲ್ವಾ?' ಎಂದು ಕೇಳುತ್ತಾರೆ. ಆಗುವುದಿಲ್ಲ. ಬಿದಿರು ನೆಲದಿಂದ ಏಳುವಾಗ ಎಷ್ಟು ದಪ್ಪವೋ ಕೊನೆಗೂ ಅಷ್ಟೇ. ಆದರೆ ಅದರ ಎಲೆ ಮಾಡುವ ಆಹಾರ ಗಡ್ಡೆಗೆ ಇಳಿದು, ಮುಂದಿನ ವರ್ಷದ್ದು ಇನ್ನಷ್ಟು ದಪ್ಪ ಏಳುತ್ತದೆ. ಹಾಗಾಗಿ ಆ ಸಣ್ಣದನ್ನು ಕಡಿಯಬೇಡಿ, ಮೇಕೆಗೆ ಸಿಗದಂತೆ ಬೇಲಿ ಕಟ್ಟಿ. ಮೂರು ವರ್ಷ ಆಗುವ ತನಕ ಕಳಲೆಯನ್ನು ಸಾರಿಗೂ ಮುರಿಯಬೇಡಿ.