ಮೊಣಕಾಲು ಎಲ್ಲಿದೆ?

ಸಕ್ರೆಬೈಲಿನ ಬಿಡಾರದಲ್ಲಿ ಬೆಳಗ್ಗೆ ತುಂಗೆಯ ಹಿನ್ನೀರಿಗೆ ಆನೆಗಳನ್ನು ಮೀಯಿಸಲು ಇಳಿಸುತ್ತಾರೆ. ಮಾವುತ ಹೇಳಿದ ಒಂದೇ ಮಾತಿಗೆ ಅಷ್ಟು ದೊಡ್ಡ ಜೀವ ಹಿಂಗಾಲು ಮಡಚಿ ಕೂರುವುದನ್ನು ಗಮನಿಸಿ. ಥೇಟ್ ಮನುಷ್ಯ ಮಂಡಿಯೂರಿದ ಹಾಗೆ! ನಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡಕ್ಕೆ ಇದು ಆಗದು. ದನದ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿದ ಗಂಟೊಂದಿದೆಯಲ್ಲ, ಅದನ್ನೇ ಮೊಣಕಾಲು ಅಂದುಕೊಂಡವರು ಬಹಳ. ಅದು ಹಿಮ್ಮಡಿ. ನಿಜವಾದ ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಅಂಚಿನ ಚರ್ಮದೊಳಗೆ ಅಡಗಿರುತ್ತದೆ. ಮುಂಗಾಲಿನ ಗಂಟು ನಮ್ಮ ಮಣಿಕಟ್ಟಿಗೆ ಸಮ. ಆನೆಯದಾದರೆ ತೊಡೆಮೂಳೆ ಉದ್ದ, ಕಂಬದಂತೆ ನೇರ ಇಳಿಯುತ್ತದೆ. ಹಾಗಾಗಿ ಮೊಣಕಾಲು ಹೊಟ್ಟೆಯ ಕೆಳಗೆ ಎದ್ದು ಕಾಣುತ್ತದೆ.

ಗೋಡೆಗಳ ಮೇಲೆ ಬರೆದ ಆನೆಗಳಿಗೆ ನಾಯಿಯ ಹಿಂಗಾಲು ಬರುವುದು ಇದು ತಿಳಿಯದೆ. ಕೈ ನಡುಗಿದ್ದಲ್ಲ, ಚರ್ಮ ಮೋಸ ಮಾಡಿದ್ದು.

ಆ ಚರ್ಮದ ಕೆಳಗೇನಿದೆ ನೋಡಿಯೇ ತೀರುತ್ತೇನೆಂದು ಹಠ ಹಿಡಿದವನು ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್. ಹುಟ್ಟಿದ್ದು 1724ರಲ್ಲಿ, ಲಿವರ್‌ಪೂಲಿನಲ್ಲಿ. ಅಪ್ಪನದು ಚರ್ಮ ಹದ ಮಾಡುವ ಕಸುಬು. 1756ರಲ್ಲಿ ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯ ತೋಟದ ಮನೆ ಹಿಡಿದು, ಸಂಗಾತಿ ಮೇರಿ ಸ್ಪೆನ್ಸರಳ ನೆರವಿನಿಂದ ಸುಮಾರು 18 ತಿಂಗಳು ಕುದುರೆಗಳನ್ನು ಕೊಯ್ದು ನೋಡಿದ.

ಕೆಲಸದ ಕ್ರಮ ಹೀಗಿತ್ತು. ಕುತ್ತಿಗೆಯ ರಕ್ತನಾಳ ಕೊಯ್ದು ಕುದುರೆಯ ರಕ್ತವನ್ನೆಲ್ಲ ಹರಿಸಿ ಕೊಲ್ಲುವುದು. ಕ್ರೂರವೇ, ಅದನ್ನು ಮುಚ್ಚಿಡಬೇಕಿಲ್ಲ. ನಂತರ ನಾಳಗಳಿಗೆ ಕರಗಿಸಿದ ಕೊಬ್ಬನ್ನು ತುಂಬುವುದು. ಆರಿ ಗಟ್ಟಿಯಾದ ಮೇಲೆ ನಾಳ ಚಪ್ಪಟೆಯಾಗದು, ಗುರುತು ಸಿಗುತ್ತದೆ. ಚಾವಣಿಗೆ ಕಟ್ಟಿದ ಕಬ್ಬಿಣದ ಸರಳಿನಿಂದ ಕೊಕ್ಕೆಗಳನ್ನು ಇಳಿಬಿಟ್ಟು, ಪಕ್ಕೆಲುಬುಗಳ ಒಳಗಿಂದ ಬೆನ್ನುಮೂಳೆಯ ಬದಿಗೆ ಸಿಕ್ಕಿಸಿ ದೇಹವನ್ನು ನೇತುಹಾಕುವುದು. ಗೊರಸುಗಳು ಕೆಳಗಿನ ಹಲಗೆಗೆ ತಾಗಿ, ಕುದುರೆ ನಡೆಯುತ್ತಿರುವಂತೆಯೇ ನಿಲ್ಲಬೇಕು. ಜಾಣತನವಿರುವುದು ಇಲ್ಲಿ. ಮೇಜಿನ ಮೇಲೆ ಮಲಗಿಸಿದರೆ ಮಾಂಸಖಂಡಗಳು ಜೋತು ಬೀಳುತ್ತವೆ, ಬಿಡಿಸಿದ್ದು ಹೆಣದ ಚಿತ್ರವೇ ಆಗುತ್ತದೆ. ಹೀಗೆ ನಿಲ್ಲಿಸಿ ಒಂದೊಂದೇ ಪದರ ಬಿಡಿಸುತ್ತ, ಪ್ರತಿ ಪದರಕ್ಕೂ ಅಳತೆ ಹಿಡಿದು ಚಿತ್ರ ಬರೆಯುತ್ತ ಮೂಳೆಯವರೆಗೆ ಹೋದ. ಒಂದು ಕುದುರೆಯನ್ನಂತೂ 11 ವಾರ ಇಟ್ಟುಕೊಂಡಿದ್ದನಂತೆ. ವಾಸನೆಯನ್ನು ಓದುಗರೇ ಊಹಿಸಿಕೊಳ್ಳಲಿ.

ಅಚ್ಚಿನ ಫಲಕ ಕೊರೆಯಲು ಯಾರೂ ಮುಂದೆ ಬರದಿದ್ದಾಗ ತಾನೇ ಕೊರೆದು 1766ರಲ್ಲಿ ಕುದುರೆಯ ಅಂಗರಚನೆಯ ಪುಸ್ತಕ ತಂದ. ಹಾರ್ಕ್‌ಸ್ಟೋದಲ್ಲಿ ಕೊಯ್ದು ಕಲಿತದ್ದರ ಫಲ ಕಣ್ಣಿಗೆ ಕಾಣುವುದು 1762ರ ಸುಮಾರಿನ ‘ವಿಸಲ್‌ಜಾಕೆಟ್’ ಎಂಬ ಚಿತ್ರದಲ್ಲಿ. ಸುಮಾರು 2.9 ಮೀಟರ್ ಎತ್ತರದ ಬಟ್ಟೆಯ ಮೇಲೆ ಹಿಂಗಾಲಲ್ಲಿ ಎದ್ದ ಒಂಟಿ ಕುದುರೆ. ಹಿಂದೆ ಮರವಿಲ್ಲ, ಆಕಾಶವಿಲ್ಲ, ಸವಾರನಿಲ್ಲ. ಅವನ ಕೆಲಸದಲ್ಲೆಲ್ಲ ದೊಡ್ಡ ಧೈರ್ಯ ಈ ಖಾಲಿ ಜಾಗವೇ.

ನಮ್ಮ ಕಡೆಯ ಪ್ರಾಣಿಗಳೂ ಅವನ ಕುಂಚಕ್ಕೆ ಸಿಕ್ಕಿವೆ. ಮದ್ರಾಸಿನ ಗವರ್ನರ್ ಆಗಿದ್ದ ಜಾರ್ಜ್ ಪಿಗಟ್, ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ಗೆ ಕಾಣಿಕೆ ಕೊಟ್ಟ ಸಿವಂಗಿಯನ್ನು (ಚೀತಾ), ಜೊತೆಗಿದ್ದ ಇಬ್ಬರು ಭಾರತೀಯ ಆಳುಗಳ ಸಮೇತ ಬರೆದ. ಸಿವಂಗಿಯ ಚುಕ್ಕೆಗಳು ತುಂಬಿದ ಬೊಟ್ಟುಗಳು, ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆ. ಮಲೆನಾಡಿನ ಚಿರತೆಯದು ನಡುವೆ ಬಿಟ್ಟ ಹೂವಿನಂಥ ಮಚ್ಚೆ. 1769ರಲ್ಲಿ ವೈದ್ಯ ವಿಲಿಯಂ ಹಂಟರನಿಗಾಗಿ ನೀಲಗಾಯಿಯ ಚಿತ್ರ ಮಾಡಿಕೊಟ್ಟ. ಕಾಂಗರೂ ಮಾತ್ರ ಕೈಕೊಟ್ಟಿತು. 1772ರ ಆ ಚಿತ್ರಕ್ಕೆ ಜೀವಂತ ಪ್ರಾಣಿ ಇರಲಿಲ್ಲ. ನಾವಿಕ ಜೇಮ್ಸ್ ಕುಕ್‌ನ ನೌಕಾಯಾನದಿಂದ ಬಂದ ಚರ್ಮಕ್ಕೆ ಗಾಳಿ ತುಂಬಿ ನೋಡಿಕೊಂಡಿದ್ದ. ಗಾಳಿಗೆ ಮಾಂಸಖಂಡ ಎಲ್ಲಿ ಉಬ್ಬಬೇಕು, ಎಲ್ಲಿ ತಗ್ಗಬೇಕು ಎಂಬುದು ಗೊತ್ತಿಲ್ಲವಲ್ಲ.

ಮೂಳೆ ತಿಳಿದರೂ ಓಟ ತಿಳಿಯಲಿಲ್ಲ. ಆ ಕಾಲದವರೆಲ್ಲ ಓಡುವ ಕುದುರೆಯ ಮುಂಗಾಲನ್ನು ಮುಂದಕ್ಕೂ ಹಿಂಗಾಲನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲಿಸುತ್ತಿದ್ದರು, ಸ್ಟಬ್ಸನೂ. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲು ಕ್ಯಾಮೆರಾ ಹೂಡಿ ತೆಗೆದ ಫೋಟೊಗಳಲ್ಲಿ ಕಂಡದ್ದೇ ಬೇರೆ: ನಾಲ್ಕೂ ಕಾಲು ನೆಲ ಬಿಡುವುದು ಅವು ಹೊಟ್ಟೆಯಡಿ ಮುದುಡಿದಾಗ. 2012ರಲ್ಲಿ ಹಂಗರಿಯ ಸಂಶೋಧಕರು ಸಾವಿರ ಚಿತ್ರ, ಶಿಲ್ಪಗಳ ನಡಿಗೆಯನ್ನು ಪರೀಕ್ಷಿಸಿದರು. ಮೈಬ್ರಿಜ್‌ಗಿಂತ ಮೊದಲಿನ ಕಲಾವಿದರ ತಪ್ಪು 83.5%, ನಂತರದವರದು 57.9%, ಗುಹೆಗಳಲ್ಲಿ ಬರೆದ ಆದಿಮಾನವರದು 46.2% ಮಾತ್ರ. ಬೇಟೆಯ ಮೇಲೆ ಕಣ್ಣಿಟ್ಟು ಬದುಕಿದವರಲ್ಲವೇ!

ನಾಲ್ಕು ಕಾಲಿನ ನಡಿಗೆಯ ಸರದಿ ಇದು: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಹಿಂಗಾಲು ಊರುವ ಹೊತ್ತಿಗೆ ಅದೇ ಬದಿಯ ಮುಂಗಾಲು ಏಳುತ್ತದೆ. ಹೀಗಾಗಿ ಚಿತ್ರದಲ್ಲಿ ಒಂದು ಬದಿಯ ಎರಡು ಕಾಲುಗಳ ತುದಿ ಹೊಟ್ಟೆಯಡಿ ಹತ್ತಿರ ಬಂದಿದ್ದರೆ, ಇನ್ನೊಂದು ಬದಿಯವು ದೂರ ಚಾಚಿರಬೇಕು. ಎರಡೂ ಬದಿ ಒಂದೇ ತರಹ ಇದ್ದರೆ ನಡಿಗೆ ತಪ್ಪಿದೆ.

ಸಕ್ರೆಬೈಲಿಗೆ ಪುಸ್ತಕ, ಪೆನ್ಸಿಲ್ ಹಿಡಿದು ಹೋಗುವವರಿಗೆ ಇನ್ನೊಂದೆರಡು ಅಳತೆ. ಆನೆಯ ಮುಂಗಾಲ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರ, ಸುತ್ತು 1.3 ಮೀಟರ್ ಇದ್ದರೆ ಎತ್ತರ ಹತ್ತಿರ ಹತ್ತಿರ 2.6. ಬೆನ್ನು ಉಬ್ಬಿರಲಿ, ಹಣೆಯ ಮೇಲೆ ಎರಡು ಗುಬುಟು ಇರಲಿ. ತಗ್ಗಿದ ಬೆನ್ನು, ಭುಜ ಮುಚ್ಚುವ ಕಿವಿ ಬಂದರೆ ಅದು ಆಫ್ರಿಕದ ಆನೆ. ಉಗುರು ಸಾಮಾನ್ಯವಾಗಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು. ಮಿಂದ ಆನೆ ದಡ ಹತ್ತಿದ ಮೇಲೆ ಕೆಸರು ನೋಡಿ: ಮುಂಗಾಲ ದುಂಡನೆ ಗುರುತಿನ ಮೇಲೇ, ಇಲ್ಲವೇ ಅದಕ್ಕೆ ತಾಗಿದಂತೆ, ಹಿಂಗಾಲಿನ ಉದ್ದನೆ ಗುರುತು ಬಿದ್ದಿರುತ್ತದೆ.