ಸ್ಕೂಟರ್ ನೋಡುವ ಮೊದಲು ಮೀಟರ್ ಬೋರ್ಡ್ ನೋಡಿ

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಬೆಲೆ ಎಷ್ಟು, ಒಂದು ಚಾರ್ಜ್‌ಗೆ ಎಷ್ಟು ಕಿಲೋಮೀಟರ್ ಅಂತ. ಗಾಡಿ ರಾತ್ರಿ ನಿಲ್ಲುವ ಜಾಗದಲ್ಲಿ ನಿಮ್ಮದೇ ಮೀಟರಿನಿಂದ ಬಂದ ಸರಿಯಾದ ಪ್ಲಗ್ ಪಾಯಿಂಟ್ ಇದೆಯೇ ಎಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ. ಅದಿಲ್ಲದಿದ್ದರೆ ಉಳಿದ ಲೆಕ್ಕವೆಲ್ಲ ತಲೆಕೆಳಗು.

ಮೊದಲು ದುಡ್ಡಿನ ಲೆಕ್ಕ. 3 ಕಿಲೋವ್ಯಾಟ್-ಅವರ್, ಅಂದರೆ ಕರೆಂಟ್ ಬಿಲ್ಲಿನ 3 ಯೂನಿಟ್ ಹಿಡಿಸುವ ಬ್ಯಾಟರಿಯ ಸ್ಕೂಟರ್ ಊರೊಳಗಿನ ಓಡಾಟದಲ್ಲಿ ಸುಮಾರು 90ರಿಂದ 100 ಕಿ.ಮೀ. ಕೊಡುತ್ತದೆ. ಕಂಪನಿ ಹೇಳುವ ಅಂಕಿಯಲ್ಲಿ ಮುಕ್ಕಾಲು ಪಾಲನ್ನಷ್ಟೇ ನಂಬಿ. ಹಿಂದೆ ಒಬ್ಬರು ಕೂತರೆ, ಮಡಿಕೇರಿ, ಶೃಂಗೇರಿ ಕಡೆಯ ಏರುದಾರಿಯಾದರೆ ಇನ್ನೂ ಕಡಿಮೆ. ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗುವ ನಷ್ಟವನ್ನೂ ಸೇರಿಸಿದರೆ ಗೋಡೆಯ ಪ್ಲಗ್ಗಿನಿಂದ ಕಿಲೋಮೀಟರಿಗೆ ಸುಮಾರು 36 ವ್ಯಾಟ್-ಅವರ್ ಹಿಡಿಯಬಹುದು. ದಿನಕ್ಕೆ 30 ಕಿ.ಮೀ.ಯಂತೆ ತಿಂಗಳಿಗೆ 26 ದಿನ ಓಡಿಸಿದರೆ 780 ಕಿ.ಮೀ., ಅಂದರೆ 28 ಯೂನಿಟ್. ಯೂನಿಟ್‌ಗೆ 6 ರೂ. ಹಿಡಿದರೆ ತೆರಿಗೆ ಸೇರಿಯೂ 200 ರೂ. ದಾಟುವುದಿಲ್ಲ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರಿಗೆ ಇದೇ ದೂರಕ್ಕೆ, ಪೆಟ್ರೋಲ್ 103 ರೂ. ಎಂದಿಟ್ಟುಕೊಂಡರೆ, 1,785 ರೂ. ಬೇಕು.

ಎರಡು ಗಾಡಿಗಳ ಬೆಲೆಯ ಅಂತರ 30 ಸಾವಿರ, ವೈರಿಂಗ್ ಖರ್ಚು 5 ಸಾವಿರ ಎಂದುಕೊಳ್ಳಿ. ದಿನಕ್ಕೆ 30 ಕಿ.ಮೀ. ಓಡಿಸುವವರಿಗೆ ಆ ದುಡ್ಡು 22–23 ತಿಂಗಳಲ್ಲಿ ಹುಟ್ಟುತ್ತದೆ. ದಿನಕ್ಕೆ ಹತ್ತೇ ಕಿ.ಮೀ. ಓಡಿಸುವವರಿಗೆ ಐದೂವರೆ ವರ್ಷ ಬೇಕು. ಅಂಥವರು ಇರುವ ಪೆಟ್ರೋಲ್ ಗಾಡಿಯನ್ನೇ ಸವೆಯುವವರೆಗೆ ಓಡಿಸುವುದು ಮೇಲು.

ಗೃಹಜ್ಯೋತಿ ಪಡೆಯುವ ಮನೆಯವರು ಇನ್ನೊಂದು ಲೆಕ್ಕ ಮಾಡಬೇಕು, ಇದನ್ನು ಶೋರೂಮಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ತಿಂಗಳ ಸರಾಸರಿ 48 ಯೂನಿಟ್ ದಾಟಿದವರ ಉಚಿತ ಮಿತಿ 2022–23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ನಿಗದಿಯಾದದ್ದು. ಸರಾಸರಿ 160 ಇದ್ದವರಿಗೆ ಮಿತಿ 176. ಈಗ 165 ಯೂನಿಟ್ ಬಳಸುತ್ತಿದ್ದರೆ ಸ್ಕೂಟರ್ ಸೇರಿ 193 ಆಗುತ್ತದೆ, ಹೆಚ್ಚಾದ 17 ಯೂನಿಟ್‌ಗಷ್ಟೇ ಕಟ್ಟಬೇಕು. ಆದರೆ 175 ಬಳಸುವವರು 203ಕ್ಕೆ ಹೋಗುತ್ತಾರೆ. 200 ದಾಟಿತೆಂದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು, ನಿಗದಿತ ಶುಲ್ಕದ ಸಮೇತ. ಮೂರು ಯೂನಿಟ್‌ಗೆ ಸಾವಿರದಿನ್ನೂರಕ್ಕೂ ಮೇಲೆ ಹೊರೆ. ಹಾಗಾಗಿ ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು, ಮುಖ್ಯವಾಗಿ ಬೇಸಿಗೆಯವನ್ನು, ಮುಂದಿಟ್ಟುಕೊಂಡು 28 ಕೂಡಿಸಿ ನೋಡಿ.

ಇನ್ನು ಪ್ಲಗ್ ಪಾಯಿಂಟ್. ಸ್ಕೂಟರ್ ಚಾರ್ಜರ್ ಎಳೆಯುವುದು 4 ಆಂಪಿಯರ್ ಆಸುಪಾಸು. 5 ಆಂಪಿಯರ್ ಸಾಕೆಟ್ ಸಾಲದೇ ಅನ್ನಿಸುತ್ತದೆ, ಆದರೆ ಸಾಲದು. ಮಿಕ್ಸಿ ಐದು ನಿಮಿಷ ಓಡಿ ನಿಲ್ಲುತ್ತದೆ, ಚಾರ್ಜರ್ ನಾಲ್ಕೈದು ಗಂಟೆ ಬಿಡದೆ ಎಳೆಯುತ್ತದೆ. ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಅಲ್ಲೇ ಕಾವು ಹುಟ್ಟಿ, ಪಿನ್ ತೂತಿನ ಸುತ್ತ ಕಂದು ಉಂಗುರ ಮೂಡುತ್ತದೆ, ತಾಮ್ರದ ಎಳೆ ಕಪ್ಪಾಗುತ್ತದೆ. ಚಾರ್ಜಿಗಿಟ್ಟು ಮುಕ್ಕಾಲು ಗಂಟೆಯಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಹಿಡಿಯಲಾರದಷ್ಟು ಬಿಸಿಯಿದ್ದರೆ ಆ ಸಾಕೆಟ್ ಬದಲಿಸುವವರೆಗೆ ಬಳಸಬೇಡಿ. ಎಕ್ಸ್‌ಟೆನ್ಶನ್ ಬಾಕ್ಸ್ ಅಂತೂ ಬೇಡವೇ ಬೇಡ.

ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ: ಎರಡೂವರೆ ಎಂಎಂ ತಾಮ್ರದ ವೈರ್ ಮೂರು, ಲೋಡ್ ಹೆಚ್ಚಾದರೆ ತಾನೇ ಆರುವ 16 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಆರುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಮುಚ್ಚಳವಿರುವ 16 ಆಂಪಿಯರ್ ಸಾಕೆಟ್. ಹದಿನೈದು ಮೀಟರ್ ದೂರಕ್ಕೆ ಕೂಲಿ ಸೇರಿ 5 ಸಾವಿರದ ಆಸುಪಾಸು. ಬಾಡಿಗೆ ಮನೆಯಾದರೆ ಪಾರ್ಕಿಂಗ್ ದೀಪದ ಕಾಮನ್ ಮೀಟರಿನಿಂದ ಎಳೆಯಬೇಡಿ, ಜಗಳ ಅಲ್ಲಿಂದಲೇ ಶುರು. ಕಾರಿನ ಲೆಕ್ಕ ಬೇರೆ: 3.3 ಕಿಲೋವ್ಯಾಟ್ ಚಾರ್ಜರಿಗೆ 4 ಎಂಎಂ ವೈರ್ ಹಾಕಿಸಿ, ಮಂಜೂರಾದ ಲೋಡ್ 2–3 ಕಿಲೋವ್ಯಾಟ್ ಮಾತ್ರ ಇದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಿ.

ಎಲ್ಲಕ್ಕಿಂತ ಅಪಾಯದ ವಿಷಯ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಜೋಡಣೆ. ಹಳೆ ಮನೆಗಳಲ್ಲಿ ಮೂರನೇ ಪಿನ್ ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಹಲವು ಚಾರ್ಜರ್‌ಗಳು ಅರ್ಥ್ ಸಿಗದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ. ಆಗ ಕೆಲವರು ಸಾಕೆಟ್ಟಿನೊಳಗೇ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಗೇಣುದ್ದದ ವೈರ್ ಜೋಡಿಸಿಬಿಡುತ್ತಾರೆ. ದೀಪ ಹಸಿರಾಗುತ್ತದೆ, ಚಾರ್ಜೂ ಆಗುತ್ತದೆ. ಮುಂದೊಂದು ದಿನ ಮನೆಯ ನ್ಯೂಟ್ರಲ್ ಎಲ್ಲಾದರೂ ಕಡಿದರೆ 230 ವೋಲ್ಟ್ ನೇರ ಗಾಡಿಯ ಲೋಹದ ಮೈಗೆ ಬರಬಹುದು. ಮಳೆಯಲ್ಲಿ ನೆನೆದ ನೆಲದ ಮೇಲೆ ನಿಂತು ಮಗುವೊಂದು ಹ್ಯಾಂಡಲ್ ಮುಟ್ಟಿದರೆ ಏನಾಗಬಹುದು ಯೋಚಿಸಿ. ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿದ ಮೇಲೆ ಸಾಕೆಟ್ ಬಿಚ್ಚಿಸಿ, ಈ ಜೋಡಣೆ ಇಲ್ಲವೆಂದು ಕಣ್ಣಾರೆ ನೋಡಿ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟ್ ಒಳಗಿರಬೇಕು. ಸೊನ್ನೆಯೇ ಬಂದರೆ ಖುಷಿಪಡುವ ಮೊದಲು ಕಳ್ಳ ಜೋಡಣೆ ಇದೆಯೇ ಎಂದು ಹುಡುಕಿ. ಅರ್ಥ್ ಗುಂಡಿಯನ್ನು ಅರ್ಥ್ ಟೆಸ್ಟರಿನಲ್ಲಿ ಅಳೆಸಿ, 5 ಓಮ್‌ಗಿಂತ ಕಡಿಮೆ ಇರಲಿ.

ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ತಯಾರಾದ ತಿಂಗಳು ನೋಡಿ. 2022ರಲ್ಲಿ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಬಿಗಿಯಾದ ಎಐಎಸ್-156 ಬ್ಯಾಟರಿ ಸುರಕ್ಷತಾ ನಿಯಮದ ಎರಡನೇ ಹಂತ ಜಾರಿಗೆ ಬಂದದ್ದು 2023ರ ಮಾರ್ಚ್ 31ರಂದು. ಅದಕ್ಕಿಂತ ಹಿಂದಿನದಾದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಬ್ಯಾಟರಿ ವಾರಂಟಿ ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕದೆ ಅರ್ಧ ಗಂಟೆ ತಣಿಯಲು ಬಿಡಿ. ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ 180ಕ್ಕೆ ಇಳಿದು ಚಾರ್ಜರ್ ನಿಂತು ನಿಂತು ಓಡುವುದುಂಟು. ಅಲ್ಲಿ ರಾತ್ರಿ ಹನ್ನೊಂದರ ಮೇಲೆ ಹಾಕುವುದು ಲೇಸು. ಏಪ್ರಿಲ್–ಮೇ ತಿಂಗಳ ಗುಡುಗು-ಸಿಡಿಲಿನ ಸಂಜೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.